ಮರಿ ಕೂದಲು

ಕನ್ನಡಕದಂಗಡಿಯ ಕತ್ತಲು ಮಾಡಿದ ಪುಟ್ಟ ಕೋಣೆಯಲ್ಲಿ ಮುದುಕರೊಬ್ಬರು ಎತ್ತರದ ಕುರ್ಚಿಯ ಮೇಲೆ ಕೂತಿದ್ದರು. ಮೂಗಿನ ಮೇಲೆ ಪರೀಕ್ಷೆಯ ಭಾರದ ಫ್ರೇಮು, ಎದುರಿನ ಗೋಡೆಯಲ್ಲಿ ಬೆಳಕಿನ ಹಲಗೆ, ಅದರ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಅಕ್ಷರಗಳು. ಕಣ್ಣು ಪರೀಕ್ಷಿಸುತ್ತಿದ್ದ ಅವಳು ಬಲಗಣ್ಣಿನ ಗಾಜನ್ನು ತೆಗೆದು ಇನ್ನೊಂದನ್ನು ಕೂರಿಸಲು ಅವರ ಮುಖದ ಹತ್ತಿರಕ್ಕೆ ಬಾಗಿ, "ಈಗ ಹೇಳಿ, ಮೊದಲಿಂದು ಚೆನ್ನಾಗಿತ್ತಾ, ಇದಾ?" ಎಂದು ಕೇಳಿದಳು. ಮುದುಕರು ಮೂಗನ್ನು ಒಂದೆರಡು ಸಲ ಅರಳಿಸಿ, "ಇಲ್ಲೆಲ್ಲೋ ಪಕ್ಕದಲ್ಲಿ ಯಾರಾದ್ರೂ ಈರುಳ್ಳಿ ಹೆಚ್ತಿದಾರೇನಮ್ಮ?" ಎಂದರು. ಅವಳ ಕೈ ಗಾಳಿಯಲ್ಲೇ ನಿಂತಿತು. "ಹಿಂದಿನ ಬೀದಿಯಲ್ಲಿ ಹೋಟೆಲ್ ಇದೆಯಲ್ಲ, ಅಲ್ಲಿಂದ ಬರುತ್ತೆ," ಎಂದಳು. ಹಿಂದಿನ ಬೀದಿಯಲ್ಲಿ ಯಾವ ಹೋಟೆಲ್ಲೂ ಇರಲಿಲ್ಲ. ಇದ್ದದ್ದು ಟೈರಿನ ಅಂಗಡಿ. ಬೆಳಿಗ್ಗೆ ತಲೆಗೆ ಎರಡು ಸಲ ಸೋಪು ಹಾಕಿ ತೊಳೆದಿದ್ದಳು, ನಿಂಬೆಹಣ್ಣಿನ ಹೋಳು ತಿಕ್ಕಿದ್ದಳು, ಹೊರಡುವಾಗ ಮಗಳ ಸೆಂಟನ್ನೂ ಕದ್ದು ಕತ್ತಿಗೆ ಹಚ್ಚಿಕೊಂಡಿದ್ದಳು. ಆದರೂ ಆ ವಾಸನೆ ಕೂದಲಿನ ಬುಡದಲ್ಲೆಲ್ಲೋ ಅವಿತು ಕೂತು, ದೀಪದ ಕಾವಿಗೆ ನೆತ್ತಿ ಬಿಸಿಯಾದ ಹಾಗೆ ಮೆಲ್ಲಗೆ ಎದ್ದು ಬರುತ್ತಿತ್ತು. ಮೊದಲೆಲ್ಲ ಸುಳ್ಳು ಹೇಳದ ತನ್ನ ಬಾಯಲ್ಲಿ ಹೋಟೆಲು ಎಷ್ಟು ಸಲೀಸಾಗಿ ತೆರೆದುಕೊಂಡಿತಲ್ಲ ಎಂದು ಅವಳಿಗೇ ಆಶ್ಚರ್ಯವಾಯಿತು. ಮುದುಕರು, "ಇದೇ ವಾಸಿ, ಇದರಲ್ಲಿ ಅಕ್ಷರ ಕಪ್ಪಗಿವೆ," ಎಂದರು. ಅವಳು ಮತ್ತೆ ಬಾಗಲಿಲ್ಲ. ಕೈಯಷ್ಟನ್ನೇ ದೂರದಿಂದ ಚಾಚಿ ಎಡಗಣ್ಣಿನ ಗಾಜು ಬದಲಾಯಿಸಿದಳು.

ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವವರಿಗೆ ಕನ್ನಡಿಯಿಂದ ತಪ್ಪಿಸಿಕೊಳ್ಳುವುದು ಆಗದ ಮಾತು. ಗಿರಾಕಿಗಳು ಮುಖ ನೋಡಿಕೊಳ್ಳಲೆಂದು ಮೇಜಿನ ಮೇಲೆ ಓರೆಯಾಗಿಟ್ಟ ಕನ್ನಡಿಗಳು, ಫ್ರೇಮುಗಳ ಹಿಂದೆ ಗೋಡೆಯುದ್ದಕ್ಕೂ ಕನ್ನಡಿ. ಮೊದಲೆಲ್ಲ ಅವಳು ಇವುಗಳನ್ನು ಗಮನಿಸುತ್ತಲೇ ಇರಲಿಲ್ಲ. ಒಂದು ದಿನ ಮೂಗಿನ ಮೇಲಿಂದ ಜಾರುವ ಫ್ರೇಮೊಂದನ್ನು ಬಿಸಿಮಾಡಿ ಬಗ್ಗಿಸುತ್ತಿದ್ದಾಗ, ಮುಂದಿನ ಕನ್ನಡಿಯಲ್ಲಿ ಹಿಂದಿನ ಕನ್ನಡಿಯ ಬಿಂಬ ಬಿದ್ದು, ಅದರೊಳಗೆ ಯಾರೋ ಒಬ್ಬ ಹೆಂಗಸಿನ ನೆತ್ತಿ ಕಂಡಿತು. ಬೈತಲೆ ಅಗಲವಾಗಿ, ಜನ ಓಡಾಡಿ ಸವೆದ ಹುಲ್ಲಿನ ದಾರಿಯ ಹಾಗಿತ್ತು. ಪಾಪ, ಯಾರೋ, ಎಂದುಕೊಂಡಳು. ಆ ಹೆಂಗಸೂ ಅದೇ ಫ್ರೇಮನ್ನು ಹಿಡಿದಿದ್ದಾಳೆಂದು ಗೊತ್ತಾಗಲು ಒಂದು ಕ್ಷಣ ಹಿಡಿಯಿತು. ಅದಾದ ಕೆಲವೇ ದಿನಕ್ಕೆ ತಾಯಿಯ ಜೊತೆ ಬಂದ ಪುಟ್ಟ ಹುಡುಗಿಯೊಬ್ಬಳು, ಎತ್ತರದ ಸ್ಟೂಲಿನ ಮೇಲಿಂದ ಕಾಲಾಡಿಸುತ್ತಾ, "ಅಮ್ಮಾ, ಈ ಆಂಟಿ ತಲೆ ಒಳಗಡೆ ಕಾಣ್ತಿದೆ," ಎಂದು ಇಡೀ ಅಂಗಡಿಗೆ ಕೇಳುವಂತೆ ಹೇಳಿದಳು. ತಾಯಿ ಮಗುವಿನ ತೊಡೆ ಚಿವುಟಿದಳು, ಮುಖ ಕೆಂಪಗೆ ಮಾಡಿಕೊಂಡಳು, ಆಮೇಲೆ ತೋರಿಸಿದ ಮೊದಲನೇ ಫ್ರೇಮನ್ನೇ "ಇದೇ ಇರಲಿ, ಚೆನ್ನಾಗಿದೆ" ಎಂದು ಒಪ್ಪಿಕೊಂಡು ಹೊರಟುಹೋದಳು. ಮಗುವಿನ ಮಾತು ಅಷ್ಟಾಗಿ ನಾಟಿರಲಿಲ್ಲ. ಆ ಫ್ರೇಮು ಆಕೆಯ ಮುಖಕ್ಕೆ ಎಳ್ಳಷ್ಟೂ ಒಪ್ಪುತ್ತಿರಲಿಲ್ಲ. ತನ್ನ ಮೇಲಿನ ಕನಿಕರಕ್ಕೆ ಅದನ್ನು ಹಾಕಿಕೊಂಡು ಆಕೆ ವರ್ಷಗಟ್ಟಲೆ ಓಡಾಡುತ್ತಾಳೆಂಬುದು ಅವಳನ್ನು ಬಹಳ ದಿನ ಚುಚ್ಚಿತು.

ಕೂದಲು ಉದುರುವುದಕ್ಕೆ ಡಾಕ್ಟರು ರಕ್ತ ತೆಗೆಸಿ ನೋಡಿ, ಎಲ್ಲ ಸರಿಯಾಗಿದೆ, ವಯಸ್ಸು ಅಷ್ಟೇ, ಕೆಲವರಿಗೆ ಹೀಗೆ, ಎಂದು ಹೇಳಿ ಕಳಿಸಿದ್ದರು. ಅದನ್ನವಳು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಗೊತ್ತಾದದ್ದು ಬಚ್ಚಲಲ್ಲಿ ನೀರು ಕಟ್ಟಿಕೊಂಡ ದಿನ. ಗಂಡ ಊರಿನ ಈಜುಕೊಳದಲ್ಲಿ ಈಜು ಕಲಿಸುವವನು. ಕೊರಳಲ್ಲಿ ಸದಾ ಸೀಟಿ ನೇತಾಡುತ್ತಿದ್ದರಿಂದ ಅಲ್ಲಿ ಎಲ್ಲರೂ ಅವನನ್ನು ಸೀಟಿ ಮೇಷ್ಟ್ರು ಅನ್ನುತ್ತಿದ್ದರು. ತೂಬು, ಜಾಲರಿ, ಕಟ್ಟಿಕೊಂಡ ನೀರು ಎಂದರೆ ಅವನಿಗೆ ಹುಮ್ಮಸ್ಸು. ಅಂಗಿಯ ತೋಳು ಮಡಿಸಿ ತೂಬಿನೊಳಗೆ ಕೈ ಇಳಿಬಿಟ್ಟು ಕೂದಲಿನ ಒದ್ದೆಯಾದ ದೊಡ್ಡ ಉಂಡೆಯೊಂದನ್ನು ಹೊರಗೆಳೆದು, ಕೈಯನ್ನು ಉದ್ದಕ್ಕೆ ಚಾಚಿ ಬೆಳಕಿಗೆ ಹಿಡಿದು, "ಏನೇ ಇದು! ಇದೆಲ್ಲ ನಿಂದಾ?" ಎಂದ. "ಮಗಳದ್ದೂ ಇದೆ," ಎಂದಳು ಅವಳು. ಸುಳ್ಳಿನ ಅಭ್ಯಾಸ ಶುರುವಾದದ್ದು ಬಹುಶಃ ಅಲ್ಲೇ. ಮಗಳು ಕೋಣೆಯಿಂದಲೇ, "ನಂದೇನಿಲ್ಲ ಅದರಲ್ಲಿ," ಎಂದು ಕೂಗಿದಳು. ಅವನು ಉಂಡೆಯನ್ನೂ ಅವಳನ್ನೂ ನೋಡಿದ. ಮದುವೆಯ ಹೊತ್ತಿಗೇ ಅರ್ಧ ಖಾಲಿಯಾಗಿ, ಮಗಳು ಹುಟ್ಟುವಷ್ಟರಲ್ಲಿ ಪೂರ್ತಿ ನುಣುಪಾಗಿದ್ದ ತಲೆ ಅವನದು. ಅದನ್ನವನು ಎಂದೂ ಮನಸ್ಸಿಗೆ ಹಚ್ಚಿಕೊಂಡವನಲ್ಲ. ಈಜುವವನಿಗೆ ಇದೇ ಅನುಕೂಲ, ನೀರು ಅಡ್ಡಿಯಿಲ್ಲದೆ ಜಾರಿಹೋಗುತ್ತೆ, ಅನ್ನುತ್ತಿದ್ದ. ಅಂಥವನು ಅಂದು ಆ ಉಂಡೆಯನ್ನು ಕಸದ ಡಬ್ಬಿಗೆ ಹಾಕಿ, ಕೈ ತೊಳೆದು ಒರೆಸಿಕೊಂಡು ಬಂದು, "ಯೋಚನೆ ಮಾಡಬೇಡ, ನಾನಿದೀನಲ್ಲ," ಎಂದ. ಬೋಳುತಲೆಯವನು ಕೂದಲಿನ ಜವಾಬ್ದಾರಿ ಹೊತ್ತುಕೊಂಡದ್ದಕ್ಕೆ ಮಗಳು ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಅವಳೂ ನಕ್ಕಳು. ಅವನು ಮಾತ್ರ ನಗಲಿಲ್ಲ.

ಅಲ್ಲಿಂದ ಮುಂದೆ ಅಡುಗೆಮನೆ ಅವನ ಕೈಗೆ ಹೋಯಿತು. ರಾತ್ರಿ ನೆನೆಹಾಕಿದ ಮೆಂತ್ಯವನ್ನು ಬೆಳಿಗ್ಗೆ ನುಣ್ಣಗೆ ರುಬ್ಬುವುದು, ಲೋಳೆಸರದ ಎಲೆ ಸೀಳಿ ಚಮಚದಿಂದ ಲೋಳೆ ಕೆರೆಯುವುದು, ಮೊಟ್ಟೆಯ ಬಿಳಿಯನ್ನು ನೊರೆ ಬರುವ ತನಕ ಕಡೆಯುವುದು, ಈರುಳ್ಳಿ ತುರಿದು ಹಳೆಯ ಬಟ್ಟೆಯಲ್ಲಿ ಹಿಂಡುವುದು. ಈರುಳ್ಳಿ ಹಿಂಡುವಾಗ ಈಜುಗಾರರ ಕನ್ನಡಕ ಹಾಕಿಕೊಳ್ಳುತ್ತಿದ್ದ. ಬೋಳುತಲೆ, ರಬ್ಬರಿನ ಕನ್ನಡಕ, ಹೆಂಡತಿಯ ಹೂವಿನ ಏಪ್ರನ್ ತೊಟ್ಟು ಒಲೆಯ ಪಕ್ಕ ನಿಂತ ಅವನನ್ನು ನೋಡಿ ಮಗಳು, "ಅಪ್ಪಾ, ನನ್ನ ಗೆಳತಿಯರು ಬಂದಾಗ ಮಾತ್ರ ಹೀಗೆ ಹೊರಗೆ ಬರಬೇಡಪ್ಪ," ಎಂದು ಬೇಡಿಕೊಂಡಳು. ಅವಳ ಪುಸ್ತಕಗಳಿಗೆ, ದಿಂಬಿಗೆ, ಕೊನೆಗೆ ಶಾಲೆಯ ಚೀಲಕ್ಕೂ ಈರುಳ್ಳಿಯ ವಾಸನೆ ಹತ್ತಿತ್ತು. ಆ ಹುಡುಗಿಗೆ ಮೊಣಕೈ ತನಕ ಬರುವ ದಪ್ಪ ಜಡೆ. ಬಾಚಿಕೊಳ್ಳುವಾಗ ಬಾಚಣಿಗೆ ಸಿಕ್ಕಿಕೊಂಡರೆ ಸಿಡುಕಿ, "ಥೂ, ಕತ್ತರಿಸಿ ಬಿಸಾಕ್ತೀನಿ ಇದನ್ನ," ಅನ್ನುತ್ತಿದ್ದಳು. ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತು ಅದನ್ನು ಕೇಳಿದ ತಾಯಿಗೆ ಎದೆಯಲ್ಲಿ ಚುರುಕ್ ಎಂದಿತು. ಏನದು ಎಂದು ತಿಳಿಯಲು ಅವಳು ಅಂಗಡಿಯವರೆಗೂ ನಡೆಯಬೇಕಾಯಿತು. ಹೊಟ್ಟೆಕಿಚ್ಚು. ಹೆತ್ತ ಮಗಳ ಮೇಲೆ, ತಾನೇ ಎಣ್ಣೆ ಹಚ್ಚಿ ತಟ್ಟಿ ಬೆಳೆಸಿದ ಕೂದಲಿನ ಮೇಲೆ. ಅಂದೆಲ್ಲ ಯಾರ ಕಣ್ಣನ್ನೂ ನೇರವಾಗಿ ನೋಡಲಾಗಲಿಲ್ಲ. ಕಣ್ಣು ನೋಡುವುದೇ ಕೆಲಸವಾದ್ದರಿಂದ ಅದು ಕಷ್ಟದ ದಿನವಾಯಿತು. ಸಂಜೆ ಮಗಳಿಗೆ ಇಷ್ಟವೆಂದು ಬೇಕರಿಯಿಂದ ಬೆಣ್ಣೆ ಬಿಸ್ಕತ್ತು ತಂದುಕೊಟ್ಟಳು. "ಏನಮ್ಮ ವಿಶೇಷ?" ಎಂದಳು ಮಗಳು, ಬಾಯಿ ತುಂಬಿಕೊಂಡು.

ಹಚ್ಚುವ ಕೆಲಸ ನಡೆಯುತ್ತಿದ್ದದ್ದು ಸಂಜೆ, ಬಾಲ್ಕನಿಯಲ್ಲಿ. ಅವನು ಕುರ್ಚಿಯ ಮೇಲೆ, ಅವಳು ಅವನ ಮಂಡಿಗಳ ನಡುವೆ ತಗ್ಗಿನ ಸ್ಟೂಲಿನ ಮೇಲೆ, ಹೆಗಲ ಸುತ್ತ ಹಳೆಯ ಟವೆಲು. ಕೆಳಗಿನ ಬೀದಿಯಲ್ಲಿ ಸೈಕಲ್ಲುಗಳು, ಎದುರಿನ ಮಹಡಿಯಲ್ಲಿ ಬಟ್ಟೆ ತೆಗೆಯುವ ಹೆಂಗಸು. ಅವನ ಬೆರಳುಗಳು ವರ್ಷಗಟ್ಟಲೆ ನೀರಿನಲ್ಲಿದ್ದು ತುದಿ ಒರಟಾದವು. ಆದರೆ ನೆತ್ತಿಯ ಮೇಲೆ ಅವು ಬಹಳ ಮೆತ್ತಗೆ, ಯಾರೋ ಮಲಗಿರುವ ಕೋಣೆಯಲ್ಲಿ ನಡೆಯುವ ಹಾಗೆ ನಡೆಯುತ್ತಿದ್ದವು. ಎಷ್ಟು ವರ್ಷವಾಗಿತ್ತು ಅವನು ತನ್ನ ತಲೆ ಮುಟ್ಟಿ? ಅವನು ಬೆಳಗಾಗುವ ಮೊದಲೇ ಕೊಳಕ್ಕೆ ಹೋಗುವವನು, ಅವಳು ದೀಪ ಹಚ್ಚಿದ ಮೇಲೆ ಅಂಗಡಿಯಿಂದ ಬರುವವಳು; ಈಗ ಅರ್ಧ ಗಂಟೆ ಮೊದಲೇ ಬಿಡುವು ಕೇಳಿಕೊಂಡು ಬರುತ್ತಿದ್ದಳು. ಮದ್ದು ಫಲಿಸುತ್ತದೆಂಬ ನಂಬಿಕೆಗೂ ಆ ಸ್ಟೂಲಿನ ಮೇಲೆ ಕೂರುವ ಆಸೆಗೂ ಸಂಬಂಧವಿರಲಿಲ್ಲ. ಇದು ಅವಳಿಗೆ ಗೊತ್ತಿತ್ತು, ಹೇಳುವ ಧೈರ್ಯವಿರಲಿಲ್ಲ. ಹೀಗಿರುವಾಗ ಒಂದು ಸಂಜೆ ಅವನು ಬೈತಲೆಯ ಪಕ್ಕ ಬೆರಳಾಡಿಸುತ್ತಾ ತಟ್ಟನೆ ನಿಂತು, "ಏ, ಬಂದಿವೆ ಕಣೇ! ಮರಿ ಕೂದಲು! ಇಲ್ಲಿ ನೋಡು, ಇಲ್ಲೆಲ್ಲ!" ಎಂದು ಕೂಗಿದ. ತನ್ನ ನೆತ್ತಿಯನ್ನು ತಾನು ನೋಡುವುದು ಹೇಗೆ? ಅವಳ ಮೈ ಜುಮ್ಮೆಂದಿತು. "ನಿಜವಾಗ್ಲೂ?" ಎಂದಳು. "ಸುಳ್ಳು ಹೇಳ್ತೀನಾ? ಹೊಸ ಹುಲ್ಲು ಬಂದ ಹಾಗಿದೆ."

ಮರುದಿನ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಹೋಗಿ, ಪರೀಕ್ಷೆಯ ಕೋಣೆಯ ದೀಪವನ್ನು ತಲೆಯ ಮೇಲಕ್ಕೆ ತಿರುಗಿಸಿ, ಎರಡು ಕನ್ನಡಿ ಹೊಂದಿಸಿಕೊಂಡು, ಗಾಜಿನ ಗೀರು ನೋಡುವ ಭೂತಗನ್ನಡಿ ಹಿಡಿದು ನೋಡಿದಳು. ಕುತ್ತಿಗೆ ನೋಯುವ ತನಕ ನೋಡಿದಳು. ಚರ್ಮವಿತ್ತು. ಹಳೆಯ ಕೂದಲುಗಳು ಒಂದಕ್ಕೊಂದು ದೂರ ದೂರ ನಿಂತಿದ್ದವು, ಬಸ್ಸಿಗೆ ಕಾಯುವ ಅಪರಿಚಿತರ ಹಾಗೆ. ಹೊಸದು ಒಂದೂ ಇರಲಿಲ್ಲ. ಹಾಗಾದರೆ ಅವನು ಯಾಕೆ ಹಾಗೆಂದ? ಉತ್ತರ ತಾನಾಗಿ ಬಂತು, ಬಂದದ್ದೇ ನೋಯಿಸಿತು. ಮಗಳು ಚಿಕ್ಕವಳಿದ್ದಾಗ ಒಮ್ಮೆ ಅವಳು ಕೊಳದ ಅಂಚಿನಲ್ಲಿ ಕೂತು ಅವನು ಕಲಿಸುವುದನ್ನು ನೋಡಿದ್ದಳು. ಹೆದರಿದ ಮಗುವನ್ನು ನೀರಿನ ಮೇಲೆ ಬೋರಲು ಮಲಗಿಸಿ, ಹೊಟ್ಟೆಯ ಕೆಳಗೆ ಅಂಗೈ ಇಟ್ಟು, "ತೇಲ್ತಿದೀಯ ನೋಡು, ಭೇಷ್, ನೀನೇ ತೇಲ್ತಿದೀಯ," ಎನ್ನುತ್ತಿದ್ದ. ಕೈ ತೆಗೆದೇ ಇರಲಿಲ್ಲ. ಈಗ ತನ್ನ ಹೊಟ್ಟೆಯ ಕೆಳಗೂ ಆ ಕೈ ಇದೆ. ಕನಿಕರ. ಆ ಹೆಂಗಸು ಒಪ್ಪದ ಫ್ರೇಮನ್ನು ಕೊಂಡುಹೋದ ಹಾಗೆ ಇವನು ಇಲ್ಲದ ಕೂದಲನ್ನು ಕಾಣುತ್ತಿದ್ದಾನೆ. ಅಂದಿನಿಂದ ಅವನು "ಇವತ್ತು ಇನ್ನಷ್ಟು ಬಂದಿವೆ" ಎಂದಾಗಲೆಲ್ಲ ಅವಳು "ಹೂಂ" ಎಂದಷ್ಟೇ ಅನ್ನುತ್ತಿದ್ದಳು. ಒಂದು ಸಂಜೆ, "ಸಾಕು ಬಿಡ್ರೀ, ಬೇಗ ಮುಗಿಸಿ," ಎಂದುಬಿಟ್ಟಳು. ಬೆರಳುಗಳು ಒಂದು ಗಳಿಗೆ ನಿಂತು, ಮತ್ತೆ ಮೊದಲಿಗಿಂತ ಮೆತ್ತಗೆ ಓಡಾಡಿದವು. ಅದು ಇನ್ನೂ ಸಿಟ್ಟು ತರಿಸಿತು.

ಹೀಗೆ ಮುಖ ಬಿಗಿದುಕೊಂಡೇ ಎಷ್ಟು ದಿನ ಹೋಗುತ್ತಿತ್ತೋ. ಒಂದು ಭಾನುವಾರ ತಲೆಯಲ್ಲಿ ನೊರೆ ಬಂತು. ಅವನು ಲೋಳೆಸರದ ಲೋಳೆಯನ್ನು ಹಸಿರು ಬಾಟಲಿಯಲ್ಲಿ ತುಂಬಿಟ್ಟಿದ್ದ. ಪಾತ್ರೆ ತೊಳೆಯುವ ಸೋಪಿನ ನೀರೂ ಹಸಿರು ಬಾಟಲಿಯಲ್ಲೇ ಇರುತ್ತಿತ್ತು. ಹಚ್ಚಿ ಉಜ್ಜಿದಷ್ಟೂ ನೊರೆ ಉಕ್ಕಿ ಕಿವಿಯ ಮೇಲೆ, ಹುಬ್ಬಿನ ಮೇಲೆ ಇಳಿಯಿತು, ಕಣ್ಣು ಉರಿಯಿತು. ಮಗಳು ಓಡಿಬಂದು ಬಾಟಲಿ ಎತ್ತಿ ನೋಡಿ, ನಗು ತಡೆಯಲಾರದೆ ಬಾಗಿಲ ಚೌಕಟ್ಟಿಗೆ ಆತುಕೊಂಡಳು. "ಅಪ್ಪಾ, ಇದು ಪಾತ್ರೆ ತೊಳೆಯೋದು! ಅಮ್ಮನ್ನ ತೊಳೆದಿಡ್ತೀಯಾ?" ಅವನು, "ಅಯ್ಯೋ, ಎಲ್ಲಿ ಕೊಡು ನೋಡೋಣ," ಎಂದು ಬಾಟಲಿ ಈಸಿಕೊಂಡ. ಉರಿಯುವ ಕಣ್ಣನ್ನು ಟವೆಲಿನ ತುದಿಯಿಂದ ಒತ್ತಿಕೊಳ್ಳುತ್ತಿದ್ದ ಅವಳು ಕಿಟಕಿಯ ಗಾಜಿನಲ್ಲಿ ಅವನ ನೆರಳನ್ನು ನೋಡಿದಳು. ಅವನು ಬಾಟಲಿಯ ಚೀಟಿಯನ್ನು ಓದಲು ಕೈಯನ್ನು ಮುಂದಕ್ಕೆ ಚಾಚಿದ, ಇನ್ನೂ ಚಾಚಿದ, ಗಲ್ಲ ಮೇಲೆತ್ತಿ ತಲೆಯನ್ನು ಹಿಂದಕ್ಕೆ ಎಳೆದುಕೊಂಡ, ಹುಬ್ಬು ಗಂಟಿಕ್ಕಿದ. ಅಂಗಡಿಗೆ ಬಂದವರು ಈ ಭಂಗಿಯಲ್ಲಿ ಒಂದು ಸಲ ನಿಂತರೆ ಸಾಕು, ಬಾಯಿ ಬಿಡುವ ಮೊದಲೇ ಅವಳು ಓದುವ ಕನ್ನಡಕಗಳ ಡ್ರಾಯರ್ ಎಳೆಯುತ್ತಿದ್ದಳು. ನಲವತ್ತು ದಾಟಿ ಹತ್ತಿರದ್ದು ಮಸುಕಾದವರ, ಚಾಳೀಸು ಬಂದವರ ಕೈ ಅದು.

ತಲೆ ತೊಳೆದುಕೊಳ್ಳುತ್ತಾ ಬಚ್ಚಲಲ್ಲಿ ಒಬ್ಬಳೇ ನಿಂತಾಗ ಮೊದಲು ಬಂದದ್ದು ನಿರಾಳ. ಅವನು ಸುಳ್ಳು ಹೇಳಿರಲಿಲ್ಲ, ಕನಿಕರ ಪಟ್ಟಿರಲಿಲ್ಲ. ಅವನಿಗೆ ಕಾಣುತ್ತಿರಲಿಲ್ಲ, ಅಷ್ಟೇ. ಮಸುಕಿನಲ್ಲಿ ಏನೋ ಕಪ್ಪಗೆ ಕಂಡಿದೆ, ಅದನ್ನೇ ಮರಿ ಕೂದಲೆಂದು ಖುಷಿಪಟ್ಟಿದ್ದಾನೆ. ಅದರ ಬೆನ್ನಿಗೇ ನಾಚಿಕೆಯಾಯಿತು. ಊರಿನವರ ಕಣ್ಣೆಲ್ಲ ನೋಡಿ, ಜನರಿಂದ ಡಾಕ್ಟರಮ್ಮ ಎಂದು ಕರೆಸಿಕೊಂಡು, ಪಕ್ಕದಲ್ಲಿ ಮಲಗುವವನ ಕಣ್ಣು ಯಾವಾಗ ಮಂಜಾಯಿತೆಂದು ತಿಳಿಯಲಿಲ್ಲವಲ್ಲ. ಪೇಪರನ್ನು ಅವನು ಈಚೆಗೆ ಮಗಳ ಕೈಲಿ ಓದಿಸುತ್ತಿದ್ದ. ಮಗಳ ಉಚ್ಚಾರಣೆ ತಿದ್ದಲೆಂದು ಎಂದುಕೊಂಡಿದ್ದಳು. ಫೋನನ್ನು ದೂರ ಹಿಡಿದು ನೋಡುತ್ತಿದ್ದ. ನೀರು ತಾಗದಿರಲೆಂದು ಅಂದುಕೊಂಡಿದ್ದಳು. ನಾಳೆಯೇ ಅಂಗಡಿಗೆ ಕರೆದುಕೊಂಡು ಹೋಗಬೇಕು. ಹಾಗೆಂದುಕೊಂಡೇ ಹೊರಗೆ ಬಂದಳು. ಆದರೆ ಮರುದಿನ ಕರೆಯಲಿಲ್ಲ, ಅದರ ಮರುದಿನವೂ ಕರೆಯಲಿಲ್ಲ. ಯಾಕೆಂದು ತನ್ನನ್ನು ತಾನು ಕೇಳಿಕೊಳ್ಳದೆ ಇರಲು ಅಂಗಡಿಯ ಫ್ರೇಮುಗಳನ್ನೆಲ್ಲ ಕೆಳಗಿಳಿಸಿ ಒರೆಸಿದಳು. ಕನ್ನಡಕ ಕೊಟ್ಟರೆ ಅವನಿಗೆ ಕಾಣುತ್ತದೆ. ನೆತ್ತಿ ಕಾಣುತ್ತದೆ, ಕಣ್ಣಿನ ಸುತ್ತಲಿನ ಗೆರೆ, ಮೇಲ್ತುಟಿಯ ಮೇಲಿನ ಸಣ್ಣ ರೋಮ, ಗಲ್ಲದ ಕೆಳಗೆ ಸಡಿಲವಾದ ಚರ್ಮ, ಎಲ್ಲ ಕಾಣುತ್ತದೆ. ಕೆಲವು ವರ್ಷಗಳಿಂದ ತಾನು ಅವನ ಕಣ್ಣಲ್ಲಿ ಅಂಚು ಕರಗಿದ ಚಿತ್ರವಾಗಿದ್ದೇನೆ, ಮೆತ್ತಗಿನ, ವಯಸ್ಸಾಗದ ಚಿತ್ರ. ಅಷ್ಟನ್ನಾದರೂ ಉಳಿಸಿಕೊಳ್ಳಬಾರದೆ? ಇನ್ನೊಂದು ವಾರ. ಸಂಜೆ ಅವನು, "ಇಲ್ಲಿ ನೋಡು, ಗುಂಪು ಗುಂಪಾಗಿ ಬರ್ತಿವೆ," ಎಂದಾಗ ಈಗ ಅವಳಿಗೆ ಸಿಟ್ಟು ಬರಲಿಲ್ಲ. "ಹೌದಾ? ಎಲ್ಲಿ?" ಎಂದು ಕೇಳಿ, ಅವನು ಮುಟ್ಟಿ ತೋರಿಸಿದ ಜಾಗವನ್ನೆಲ್ಲ ಸವಿಯುತ್ತಾ ಕೂತಳು. ಕಳ್ಳಸುಖವೆಂದು ಗೊತ್ತಿತ್ತು.

ಆ ವಾರವೇ ಮಗಳ ಬೆರಳಿಗೆ ಬೆಂಚಿನ ಸಿಬಿರು ಹೊಕ್ಕಿತು. ಚಿಕ್ಕಂದಿನಿಂದಲೂ ಸಿಬಿರು ತೆಗೆಯುವುದು ಅಪ್ಪನ ಕೆಲಸ. ನೋಯದ ಹಾಗೆ, ಏನಾದರೂ ಹಾಳುಮೂಳು ಕತೆ ಹೇಳುತ್ತಾ ತೆಗೆಯುತ್ತಿದ್ದ. ಮಗಳು ಸೂಜಿ ಹಿಡಿದುಕೊಂಡು ಹೋಗಿ ಕೈ ಚಾಚಿದಳು. ಅವನು ಬೆರಳು ಹಿಡಿದು ದೂರ ಮಾಡಿದ, ಹತ್ತಿರ ಮಾಡಿದ, ದೀಪದ ಕಡೆ ತಿರುಗಿಸಿದ. ಆಮೇಲೆ ಸೂಜಿಯನ್ನು ಮೇಜಿನ ಮೇಲಿಟ್ಟು, "ನನ್ನ ಕೈ ಈರುಳ್ಳಿ ಕೈ ಕಣಮ್ಮ, ಉರಿಯುತ್ತೆ. ಅಮ್ಮನ ಹತ್ರ ತೆಗೆಸ್ಕೋ," ಎಂದ. ಅವನ ಕೈಯಲ್ಲಿ ಅಂದು ಈರುಳ್ಳಿ ಇರಲಿಲ್ಲ. ಅವಳು ತಲೆಯೆತ್ತಿ ನೋಡುವಷ್ಟರಲ್ಲಿ ಅವನು ಬಾಲ್ಕನಿಗೆ ಹೋಗಿ ಬೆನ್ನು ತಿರುಗಿಸಿ ನಿಂತಿದ್ದ. ಆ ದೊಡ್ಡ ಬೆನ್ನು, ಸದ್ದುಗದ್ದಲದ ಮನುಷ್ಯನ ಬೆನ್ನು, ಪರೀಕ್ಷೆಯಲ್ಲಿ ಫೇಲಾದ ಹುಡುಗನದಾಗಿತ್ತು. ಹಾಗಾದರೆ ಅವನಿಗೂ ಗೊತ್ತು. ಅವನೂ ಬಚ್ಚಿಟ್ಟುಕೊಂಡಿದ್ದಾನೆ, ತನ್ನ ಹಾಗೆಯೇ, ಒಂದೇ ಮನೆಯಲ್ಲಿ. ಸಿಬಿರು ತೆಗೆಯುವಾಗ ಮಗಳು ನಾಲ್ಕು ಸಲ ಕಿರುಚಿದಳು.

ಮಾರನೆಯ ದಿನ ಅಂಗಡಿಗೆ ಬಂದ ತೋರ ಮೈಯ ಅಜ್ಜಿಯೊಬ್ಬರು ಅವಳನ್ನು ಮೇಲಿಂದ ಕೆಳಗೆ ನೋಡಿ, "ನೀವು ಸೀಟಿ ಮೇಷ್ಟ್ರ ಮನೆಯವರಲ್ವಾ? ನಾನು ಬೆಳಗಿನ ಹೊತ್ತು ಅವರ ಹತ್ರ ಈಜು ಕಲೀತೀನಿ," ಎಂದರು. ಅಷ್ಟಕ್ಕೆ ನಿಲ್ಲಿಸದೆ ಹತ್ತಿರ ಬಂದು ದನಿ ತಗ್ಗಿಸಿ, "ಅವರಿಗೆ ಕೂದಲು ಬಂತೇನ್ರೀ?" ಎಂದು ಕೇಳಿದರು. "ಯಾರಿಗೆ?" "ಮೇಷ್ಟ್ರಿಗೇ! ಪಾಪ, ಈ ವಯಸ್ಸಲ್ಲಿ ಆಸೆ ನೋಡಿ. ನಾವು ಹೆಂಗಸರೆಲ್ಲ ನಮಗೆ ಗೊತ್ತಿರೋ ಮದ್ದೆಲ್ಲ ಹೇಳಿಕೊಟ್ವಿ. ಮೆಂತ್ಯ ನಂದೇ. ಇಷ್ಟು ನುಣ್ಣಗಿರೋ ತಲೆಗೆ ಏನು ಹಚ್ಚಿದ್ರೂ ಅಷ್ಟೇ ಮೇಷ್ಟ್ರೇ ಅಂತ ಎಲ್ರೂ ನಕ್ಕಿದ್ದೇ ನಕ್ಕಿದ್ದು. ಅವರೂ ನಗ್ತಾರೆ, ಆದ್ರೂ ಮತ್ತೆ ಬಂದು ಕೇಳ್ತಾರೆ, ಮೊಟ್ಟೆಗೆ ಎಣ್ಣೆ ಹಾಕೋದು ಮೊದಲೋ ಆಮೇಲೋ ಅಂತ." ಅವಳು ಅಜ್ಜಿಯ ಕನ್ನಡಕದ ಸಡಿಲ ತಿರುಪನ್ನು ಬಿಗಿಮಾಡುತ್ತಿದ್ದಳು. ತಿರುಪು ಕೈ ಜಾರಿ ನೆಲಕ್ಕೆ ಬಿತ್ತು. ಕೊಳದ ಹೆಂಗಸರೆಲ್ಲರೆದುರು ಅವನು ತನಗೇ ಕೂದಲು ಬೇಕೆಂದು ಹೇಳಿಕೊಂಡಿದ್ದ. ಅವಳ ಹೆಸರು ತೆಗೆದೇ ಇರಲಿಲ್ಲ. ಮಂಡಿಯೂರಿ ತಿರುಪು ಹುಡುಕುವ ನೆಪದಲ್ಲಿ ಅವಳು ಮೇಜಿನ ಕೆಳಗೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಇದ್ದಳು. ಎದ್ದು, "ಇನ್ನೂ ಬಂದಿಲ್ಲ. ಆದ್ರೂ ಬಿಟ್ಟಿಲ್ಲ ಅವರು," ಎಂದಳು.

ಮಧ್ಯಾಹ್ನವೇ ಫೋನು ಮಾಡಿ, ಕೆಲಸ ಮುಗಿಸಿ ಅಂಗಡಿಗೆ ಬನ್ನಿ ಎಂದಳು. "ಯಾಕೆ, ಏನಾಯ್ತು?" ಎಂದು ಗಾಬರಿಯಲ್ಲಿ ಬಂದವನನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಕುರ್ಚಿ ತೋರಿಸಿದಳು. ಅವನು ಕುರ್ಚಿಯನ್ನೂ ಹಲಗೆಯನ್ನೂ ನೋಡಿ, ತಪ್ಪಿಸಿಕೊಳ್ಳುವ ದಾರಿಯಿಲ್ಲವೆಂದು ತಿಳಿದು, ಮೆಲ್ಲಗೆ ಹತ್ತಿ ಕೂತ. ದೂರದ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಗಡಗಡನೆ ಓದಿ, "ನೋಡಿದ್ಯಾ!" ಎಂದ. ಅವಳು ಸಣ್ಣ ಅಕ್ಷರದ ರಟ್ಟನ್ನು ಕೈಗೆ ಕೊಟ್ಟಳು. ಅವನು ಅದನ್ನು ದೂರ ಹಿಡಿಯಲು ಹೋದ. ಅವಳು ಅವನ ಮೊಣಕೈ ಹಿಡಿದು ಮಡಿಸಿದಳು. "ಇಲ್ಲಿ ಹಿಡ್ಕೊಂಡು ಓದಿ." ಅವನು ರಟ್ಟನ್ನು ಓರೆ ಮಾಡಿ ನೋಡಿದ. "ಇರುವೆ ಸಾಲು ಹೋಗ್ತಿದೆ," ಎಂದ ಕೊನೆಗೆ. "ಯಾವಾಗಿಂದ?" "ಬಹಳ ದಿನ ಆಯ್ತು." "ನನಗೆ ಹೇಳಬಾರದಾ? ಹೇಳೋಕೆ ನಾನಲ್ದೆ ಇನ್ಯಾರಿದ್ರು?" "ಅದಕ್ಕೇ ಹೇಳಲಿಲ್ಲ," ಎಂದನವನು. "ನೀನು ದಿನವಿಡೀ ಬರೀ ಕಣ್ಣು ಕೆಟ್ಟವರನ್ನೇ ನೋಡ್ತೀಯ. ಮನೇಲೂ ಒಬ್ಬ ಅಂತ ಅನ್ನಿಸಬಾರದು ಅಂತ. ಆಮೇಲೆ ಕೊಳದ ಮಕ್ಕಳು ಬೇರೆ. ಸೀಟಿ ತಾತ ಅಂತಾವೆ." "ಈ ತಲೆ ನೋಡಿ ಅನ್ನದೆ ಇರೋರು ಕನ್ನಡಕ ನೋಡಿ ಅಂತಾರಾ?" ಎಂದಳು ಅವಳು. ಕತ್ತಲಲ್ಲಿ ಅವನು ನಕ್ಕದ್ದು ಕೇಳಿತು. ಅವಳು ಭಾರದ ಫ್ರೇಮನ್ನು ಅವನ ಕಿವಿಗಳಿಗೆ ಸಿಕ್ಕಿಸಿ, ಬಾಗಿ, ಒಂದು ಗಾಜು ಹಾಕಿ ತೆಗೆದಳು, ಇನ್ನೊಂದು ಹಾಕಿದಳು. ಇಬ್ಬರ ಉಸಿರೂ ಒಂದಾಗುವಷ್ಟು ಹತ್ತಿರ. ಈರುಳ್ಳಿಯ ವಾಸನೆ ಅವಳ ತಲೆಯಿಂದ ಬರುತ್ತಿತ್ತೋ, ಅವನ ಕೈಯಿಂದಲೋ, ಹೇಳುವ ಹಾಗಿರಲಿಲ್ಲ. "ಮರಿ ಕೂದಲು ಅಂತಿದ್ರಲ್ಲ?" ಎಂದು ತಡೆಯಲಾರದೆ ಕೇಳಿದಳು. ಅವನು ಬೆರಳುಗಳನ್ನು ಒಂದಕ್ಕೊಂದು ತಿಕ್ಕಿದ. "ಕೈಗೆ ಹತ್ತಿದ ಹಾಗಾಗಿತ್ತು. ಬರಲಿ ಅಂತ ಆಸೆ ಇತ್ತಲ್ಲ, ಬೆರಳಿಗೆ ಹಾಗೆ ಅನ್ನಿಸಿರಬೇಕು. ಕಂಡಿದೆ ಅಂದದ್ದು ಮಾತ್ರ ಜಾಸ್ತಿಯಾಯ್ತು." ಅವಳು ಗಾಜನ್ನು ಸರಿಯಾಗಿ ಕೂರಿಸಿ, "ಈಗ ಓದಿ," ಎಂದಳು. ಅವನು ಓದಿದ. ರಟ್ಟಿನ ಮೇಲಿದ್ದದ್ದು ಯಾವುದೋ ತೋಟದ ಬಗ್ಗೆ ಅರ್ಥವಿಲ್ಲದ ಎರಡು ಸಾಲು. ಅವನು ಅದನ್ನು ಸಿಹಿಸುದ್ದಿ ಓದಿದ ಹಾಗೆ ಓದಿದ, ಮತ್ತೊಮ್ಮೆ ಮೊದಲಿಂದ ಓದಿದ.

ಕನ್ನಡಕ ಸಿದ್ಧವಾಗಿ ಬಂದದ್ದು ಶನಿವಾರ. ಭಾನುವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಒಳ್ಳೆಯ ಬಿಸಿಲಿತ್ತು. ಅವನು ರುಬ್ಬಿದ ಮೆಂತ್ಯದ ಬಟ್ಟಲನ್ನು ಪಕ್ಕದಲ್ಲಿಟ್ಟು, ಕನ್ನಡಕ ಹಾಕಿಕೊಂಡು, ಮೊದಲು ತನ್ನ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡ. "ಅಬ್ಬಾ, ಇದ್ಯಾರ ಕೈ!" ಎಂದ. ಅವಳು ಸ್ಟೂಲಿನ ಮೇಲೆ ಕೂತು ಟವೆಲು ಹೊದ್ದುಕೊಂಡಳು. ಹಿಂದೆ ಕುರ್ಚಿ ಕಿರುಗುಟ್ಟಿತು. ಬೈತಲೆಯ ಎರಡೂ ಕಡೆ ಅವನ ಹೆಬ್ಬೆರಳುಗಳು ಬಂದು ನಿಂತವು. ಎದುರು ಮಹಡಿಯ ಹೆಂಗಸು ಒದ್ದೆ ಬಟ್ಟೆ ಕೊಡವುವ ಸದ್ದು, ಕೆಳಗೆಲ್ಲೋ ಬೈಸಿಕಲ್ಲಿನ ಗಂಟೆ. ಅವಳು ಮಡಿಲಲ್ಲಿ ಬೆರಳುಗಳನ್ನು ಹೆಣೆದುಕೊಂಡಳು. ಅವನು ಈಗ ಏನಾದರೂ ಹೇಳುತ್ತಾನೆ. ಕನಿಕರದ ಮಾತೊಂದನ್ನು ಹುಡುಕುತ್ತಿದ್ದಾನೆ. ಹುಡುಕಲಿ, ತಾನು ಅದನ್ನು ನಗುತ್ತಲೇ ತೆಗೆದುಕೊಳ್ಳುತ್ತೇನೆ, ಎಂದು ಸಿದ್ಧವಾದಳು.

"ಒಂದೂ ಬಂದಿಲ್ವಲ್ಲೇ," ಎಂದನವನು.

ಎಷ್ಟು ಸಾದಾ ಆಗಿ, ಎಷ್ಟು ನಿಜವಾದ ಬೇಸರದಿಂದ ಹೇಳಿದನೆಂದರೆ, ಅವಳಿಗೆ ಹೊಟ್ಟೆಯಾಳದಿಂದ ನಗು ಉಕ್ಕಿತು. ಹೆಗಲು ಕುಲುಕಿ ಟವೆಲು ಜಾರಿತು. "ಅಷ್ಟು ಈರುಳ್ಳಿ!" ಎಂದ ಅವನು, ಮೋಸಹೋದವನ ದನಿಯಲ್ಲಿ. "ಅಷ್ಟು ಮೊಟ್ಟೆ! ಆ ಅಜ್ಜಿಯರನ್ನ ಸುಮ್ನೆ ಬಿಡಲ್ಲ ನಾನು." ಅವಳಿಗೆ ನಗು ನಿಲ್ಲಲಿಲ್ಲ, ಕಣ್ಣಲ್ಲಿ ನೀರು ಬಂತು. ಒಂದು ಭಾರ ಇಳಿದಿತ್ತು. ಇಷ್ಟು ದಿನ ಅದನ್ನು ಹೊತ್ತು ನಡೆದದ್ದೇ ತಮಾಷೆಯಾಗಿ ತೋರಿತು. ನೋಡಿದನಲ್ಲ, ಇದ್ದದ್ದನ್ನು ಇದ್ದ ಹಾಗೆ ನೋಡಿದನಲ್ಲ, ಇನ್ನೇನು? "ಬಿಡಿ, ಹಚ್ಚೋದು ನಿಲ್ಲಿಸೋಣ್ವಾ?" ಎಂದು ಕೇಳಿದಳು, ಕೇಳುತ್ತಲೇ ಜಾರಿದ ಟವೆಲನ್ನು ಮತ್ತೆ ಹೊದ್ದುಕೊಂಡಳು. "ಯಾಕೆ ನಿಲ್ಲಿಸ್ತೀಯ? ರುಬ್ಬಿ ಆಗಿದೆಯಲ್ಲ," ಎಂದು ಅವನು ಬಟ್ಟಲಿಗೆ ಕೈ ಹಾಕಿದ. ಹಾಕಿದವನು ನಿಂತ. "ತಡಿ, ತಡಿ. ಇದೇನೇ ಇಲ್ಲಿ? ಒಂದು ಗೀಟು ಇದೆಯಲ್ಲ."

"ಎಲ್ಲಿ?"

"ಇಲ್ಲಿ. ಬೈತಲೆಯಿಂದ ಪಕ್ಕಕ್ಕೆ. ಬಿಳೀ ಗೀಟು. ಹೊಲಿಗೆ ಹಾಕಿದ ಹಾಗಿದೆ." ಅವಳ ಕೈ ಹಿಡಿದು ಎತ್ತಿ, ತೋರುಬೆರಳನ್ನು ಆ ಜಾಗದ ಮೇಲಿಟ್ಟ. ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ಬೆರಳ ತುದಿಗೆ ನುಣುಪಾದ ಒಂದು ದಾರದಂಥದು ಸಿಕ್ಕಿತು. ಇಷ್ಟು ವರ್ಷ ಅವಳ ತಲೆಯ ಮೇಲೆಯೇ ಇತ್ತು, ಕೂದಲಿನ ಕೆಳಗೆ. ಭೂತಗನ್ನಡಿಯಲ್ಲೂ ಅವಳು ಹೊಸ ಕೂದಲನ್ನಷ್ಟೇ ಹುಡುಕಿದ್ದಳು, ಇದನ್ನು ನೋಡಿರಲಿಲ್ಲ, ಮರೆತೇಬಿಟ್ಟಿದ್ದಳು. ಬೆರಳು ಅದರ ಮೇಲೆ ಓಡಿದ ಹಾಗೆ ಬಿಸಿಲಿಗೆ ಕಾದ ಇಟ್ಟಿಗೆಯ ವಾಸನೆ, ಬರಿಗಾಲಿಗೆ ಚುಚ್ಚುವ ಗಾರೆ, ಕೆಳಗೆ ತಲೆಯೆತ್ತಿ ನಿಂತ ಅಣ್ಣಂದಿರ ಮುಖಗಳು, ಒಂದೊಂದಾಗಿ ಬಂದವು.

"ಅಯ್ಯೋ, ಗೋಡೆ," ಎಂದಳು. "ತವರುಮನೆ ಹಿಂದೆ ಒಂದು ಗೋಡೆ ಇತ್ತು ಕಣ್ರೀ. ಅಣ್ಣಂದಿರು ಅದರ ಮೇಲಿಂದ ಹಾರ್ತಿದ್ರು. ನಿನ್ನ ಕೈಲಾಗಲ್ಲ ಅಂದ್ರು. ನಾನೂ ಹಾರಿದೆ."

"ನೀನಾ?" ಹಿಂದೆ ಕುರ್ಚಿ ಮತ್ತೆ ಕಿರುಗುಟ್ಟಿತು. ಮದುವೆಯಾದಾಗಿನಿಂದ ಅವನು ಎಷ್ಟು ಕರೆದರೂ ಅವಳು ಕೊಳದ ನೀರಿಗೆ ಮೊಣಕಾಲಿನಾಚೆ ಇಳಿದವಳಲ್ಲ. ಹೆದರುಪುಕ್ಕಿ ಎಂದೇ ಅವನೂ ನಂಬಿದ್ದ, ಅವಳೂ ನಂಬಿದ್ದಳು. "ಎಷ್ಟೆತ್ತರ ಇತ್ತು?"

"ನಿಮ್ಮ ಕೊಳದ ಹಲಗೆ ಇದೆಯಲ್ಲ, ದೊಡ್ಡವರು ಹಾರೋದು. ಅಷ್ಟಿತ್ತು."

"ಸುಳ್ಳು!"

"ದೇವರಾಣೆ. ಕೆಳಗೆ ಜಲ್ಲಿ ರಾಶಿ. ತಲೆ ಒಡೀತು, ರಕ್ತ ಧಾರಾಕಾರ. ಅಣ್ಣಂದಿರು ಅಳೋಕೆ ಶುರು ಮಾಡಿದ್ರು, ನಾನು ಅಳಲಿಲ್ಲ. ತಲೆ ಬೋಳಿಸಿ ಹೊಲಿಗೆ ಹಾಕಿದ್ರು. ಅಮ್ಮ ಒಂದು ಮೂಲೇಲಿ ಕೂರಿಸಿ, ಎದ್ದರೆ ಕಾಲು ಮುರೀತೀನಿ ಅಂದಿದ್ಲು." ಹೇಳುತ್ತಾ ಹೇಳುತ್ತಾ ಅವಳ ದನಿ ಏರಿತ್ತು. ಒಳಗಿಂದ ಮಗಳು, ಬಾಚಣಿಗೆ ಅರ್ಧಕ್ಕೆ ಸಿಕ್ಕಿಸಿಕೊಂಡೇ, "ಯಾರಮ್ಮ ಗೋಡೆ ಹಾರಿದ್ದು?" ಎನ್ನುತ್ತಾ ಬಾಗಿಲಿಗೆ ಬಂದು ನಿಂತಳು. ಬಿಸಿಲಿಗೆ ಬಟ್ಟಲಲ್ಲಿ ಮೆಂತ್ಯದ ಮೇಲ್ಪದರ ಒಣಗತೊಡಗಿತ್ತು. ಯಾರೂ ಅದನ್ನು ನೋಡಲಿಲ್ಲ.

"ಆಮೇಲೆ?" ಎಂದನವನು. ಅವನು ಕುರ್ಚಿ ಬಿಟ್ಟು ಎದುರಿಗೆ ಬಂದು ನೆಲದ ಮೇಲೆ ಕೂತಿದ್ದ, ಕನ್ನಡಕದೊಳಗಿಂದ ಅವಳ ಮುಖವನ್ನೇ ನೋಡುತ್ತಾ.

"ಆಮೇಲೆ ಹೊಲಿಗೆ ಬಿಚ್ಚಿದ ದಿನ ಯಾರೂ ನೋಡದೆ ಇರುವಾಗ ಮತ್ತೆ ಹತ್ತಿದೆ."

"ಹತ್ತಿ?"

"ಹತ್ತಿ ಏನು? ಹಾರಿದೆ," ಎಂದಳು ಅವಳು. "ಇಳಿಯೋಕೆ ಬೇರೆ ದಾರಿ ಎಲ್ಲಿತ್ತು ಅಲ್ಲಿ?"